ಕೆರಿಸ್‌ನ ತವರು ಯಾವುದು? ಗುರುತಿಸುವ ಬಗೆ ಹೇಗೆ?

ಬಾಲಿಗೋ ಮಲೇಷ್ಯಾಕ್ಕೋ ಹೋಗಿ ಬಂದವರ ಮನೆಯ ಶೋಕೇಸಿನಲ್ಲಿ, ಸಿಂಗಪುರದ ಹಳೇ ವಸ್ತುಗಳ ಅಂಗಡಿಯಲ್ಲಿ, ಯುರೋಪಿನ ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆಯಲ್ಲಿ ಒಂದು ಕಠಾರಿ ಕಣ್ಣಿಗೆ ಬೀಳುತ್ತದೆ. ಹಾವು ಹರಿದಂತೆ ಬಳುಕಿದ ಅಲಗು, ಬುಡದಲ್ಲಿ ಒಂದು ಕಡೆಗೆ ಮಾತ್ರ ಚಾಚಿಕೊಂಡ ಅಗಲ, ಪಿಸ್ತೂಲಿನಂತೆ ಬಾಗಿದ ಹಿಡಿ. ಕೆಳಗಿನ ಚೀಟಿಯಲ್ಲಿ ಸಾಮಾನ್ಯವಾಗಿ 'ಮಲಯ ಕಠಾರಿ' ಎಂದಷ್ಟೇ ಬರೆದಿರುತ್ತದೆ. ಮಾತು ತಪ್ಪಲ್ಲ, ಆದರೆ ಅಷ್ಟರಿಂದ ನಮಗೆ ಏನೂ ತಿಳಿದಂತಾಗುವುದಿಲ್ಲ. ಕೆರಿಸ್ ಎಂಬ ಈ ಆಯುಧ ಜಾವಾ, ಮದುರಾ, ಬಾಲಿ, ಲೊಂಬೊಕ್, ಸುಲವೇಸಿ, ಸುಮಾತ್ರಾ, ಮಲಯ ಪರ್ಯಾಯದ್ವೀಪ, ದಕ್ಷಿಣ ಥಾಯ್ಲೆಂಡಿನ ಪಟಾನಿ, ಫಿಲಿಪೀನ್ಸಿನ ಸುಲು ದ್ವೀಪಗಳವರೆಗೆ ಹಬ್ಬಿದೆ. ಪ್ರತಿ ಕಡೆಯಲ್ಲೂ ಅದರ ರೂಪ ಬೇರೆ, ಸೊಂಟಕ್ಕೆ ಸಿಕ್ಕಿಸುವ ರೀತಿ ಬೇರೆ, ಅದನ್ನು ಮಾಡುವ ಕೈಗಳ ಅಭಿರುಚಿಯೂ ಬೇರೆ.

ಇಂಡೊನೇಷ್ಯಾದ ಕೆರಿಸ್ ಪರಂಪರೆಯನ್ನು ಯುನೆಸ್ಕೊ 2005ರಲ್ಲಿ ಮಾನವಕುಲದ ಮೌಖಿಕ ಮತ್ತು ಅಮೂರ್ತ ಪರಂಪರೆಯ ಮೇರುಕೃತಿ ಎಂದು ಸಾರಿತು. 2008ರಲ್ಲಿ ಅದು ಅಮೂರ್ತ ಪರಂಪರೆಯ ಪ್ರಾತಿನಿಧಿಕ ಪಟ್ಟಿಗೆ ಸೇರಿತು. ಅಂಥ ವಸ್ತುವೊಂದು ಕೈಗೆ ಬಂದಾಗ, ಅಥವಾ ಮ್ಯೂಸಿಯಂನಲ್ಲಿ ಎದುರಾದಾಗ, ಅದು ಯಾವ ಸೀಮೆಯದು ಎಂದು ಹೇಳುವುದು ಹೇಗೆ? ಕೆಲವು ಗುರುತುಗಳು ಗೊತ್ತಿದ್ದರೆ ಸಾಮಾನ್ಯ ಓದುಗರೂ ಬಹುದೂರ ಹೋಗಬಹುದು. ಒಂದು ಮಾತನ್ನು ಮಾತ್ರ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಒಂದು ಕೆರಿಸ್‌ಗೆ ಒಂದೇ ತವರು ಇರಲೇಬೇಕೆಂದಿಲ್ಲ. ಅಲಗು ಒಂದು ದ್ವೀಪದ್ದು, ಹಿಡಿ ಇನ್ನೊಂದು ಊರಿನದು, ಒರೆ ಮತ್ತೊಂದು ಕಡೆಯದು ಆಗಿರಬಹುದು. ಆದ್ದರಿಂದ 'ಇದು ಎಲ್ಲಿಯದು?' ಎಂಬ ಪ್ರಶ್ನೆಯನ್ನು ಮೂರು ಸಲ, ಮೂರು ಭಾಗಗಳಿಗೂ ಬೇರೆ ಬೇರೆಯಾಗಿ ಕೇಳಬೇಕು.

ಮೊದಲು ಅಂಗಗಳ ಪರಿಚಯ

ಅಲಗಿನ ಬುಡದಲ್ಲಿ, ಹಿಡಿಗೆ ತಾಗುವಂತೆ, ಅಡ್ಡಕ್ಕೆ ಕೂತ ತೆಳು ಕಬ್ಬಿಣದ ತುಂಡೊಂದಿರುತ್ತದೆ. ಅದಕ್ಕೆ 'ಗಂಜಾ' ಎನ್ನುತ್ತಾರೆ. ಹಳೆಯ ಒಳ್ಳೆಯ ಕೆರಿಸ್‌ಗಳಲ್ಲಿ ಇದು ಬಹುತೇಕ ಪ್ರತ್ಯೇಕ ತುಂಡು. ಅಲಗಿನ ಬುಡಕ್ಕೆ ನವಿರಾಗಿ ಕೂಡಿಸಿರುತ್ತಾರೆ. ಗಂಜಾದ ನಡುವಿನ ತೂತಿನಿಂದ ಹೊರಬಂದು ಹಿಡಿಯೊಳಗೆ ಹೋಗುವ ಕಡ್ಡಿ 'ಪೆಸಿ'. ಅಲಗಿನ ಬುಡದ ಒಂದು ಬದಿಯಲ್ಲಿ ಆನೆಯ ಸೊಂಡಿಲಿನಂತೆ ಸುರುಳಿ ಸುತ್ತಿದ ಕೊಂಡಿ ಇದ್ದರೆ ಜಾವಾದಲ್ಲಿ ಅದನ್ನು 'ಕೆಂಬಾಂಗ್ ಕಚಾಂಗ್' ಎನ್ನುತ್ತಾರೆ. ಅಲಗಿನ ಬಳುಕುಗಳಿಗೆ 'ಲುಕ್' ಎಂದು ಹೆಸರು. ಅಲಗಿನ ಮೈಮೇಲೆ ಬಿಳಿ-ಕಪ್ಪು ಗೆರೆಗಳಾಗಿ ಮೂಡುವ ಚಿತ್ತಾರ 'ಪಾಮೊರ್'.

ಹಿಡಿಗೂ ಗಂಜಾಕ್ಕೂ ನಡುವೆ ಲೋಹದ ಬಳೆಯೊಂದು ಇರುತ್ತದೆ. ಜಾವಾದಲ್ಲಿ ಅದು 'ಮೆಂಡಾಕ್', ಸಣ್ಣ ಉಂಗುರದಂತೆ. ಬಾಲಿಯಲ್ಲಿ 'ವೆವೆರ್', ಕಲ್ಲು ಕೂರಿಸಿದ್ದು. ಮಲಯ ಸೀಮೆಯಲ್ಲಿ 'ಪೆಂಡೊಂಗ್ಕೊಕ್', ಬಟ್ಟಲಿನಂತೆ ಹಿಡಿಯ ತಳವನ್ನು ಹಿಡಿದುಕೊಳ್ಳುವಂಥದು. ಒರೆಯಲ್ಲಿ ಎರಡು ಭಾಗ: ಮೇಲೆ ಅಡ್ಡಕ್ಕೆ ಅಗಲವಾಗಿ ಚಾಚಿದ ಮರದ ತಲೆ, ಕೆಳಗೆ ಉದ್ದದ ಕಾಂಡ. ಮಲಯ ಜನ ಆ ತಲೆಯನ್ನು 'ಸಾಂಪಿರ್' ಎನ್ನುತ್ತಾರೆ, ಜಾವಾದವರು 'ವರಾಂಗ್ಕಾ' ಎನ್ನುತ್ತಾರೆ. ಕಾಂಡದ ತುದಿಗೆ ಹಾಕಿದ ತುಂಡು 'ಬುಂತುತ್'. ಈ ಹೆಸರುಗಳು ನೆನಪಿದ್ದರೆ ಯಾವ ಮ್ಯೂಸಿಯಂನ ವಿವರಣೆಯನ್ನೂ ಓದಿಕೊಳ್ಳಬಹುದು.

ಒರೆಯಿಂದ ಶುರು ಮಾಡಿ

ಹೊಸಬರು ಸಾಮಾನ್ಯವಾಗಿ ಮೊದಲು ಅಲಗನ್ನು ಎಳೆದು ನೋಡುತ್ತಾರೆ. ಅನುಭವಿಗಳು ಒರೆಯನ್ನೇ ಮೊದಲು ನೋಡುತ್ತಾರೆ. ಕಾರಣ ಸರಳ. ಅಲಗು ಕಬ್ಬಿಣ, ಶತಮಾನಗಟ್ಟಲೆ ಉಳಿಯುತ್ತದೆ. ತಂದೆಯಿಂದ ಮಗನಿಗೆ, ಅರಸನಿಂದ ಸರದಾರನಿಗೆ, ವ್ಯಾಪಾರಿಯಿಂದ ವ್ಯಾಪಾರಿಗೆ, ಗೆದ್ದವನ ಕೈಗೆ ಹೋಗುತ್ತದೆ, ಕಡಲು ದಾಟುತ್ತದೆ. ಒರೆ ಮರದ್ದು, ಒಡೆಯುತ್ತದೆ, ಹುಳ ಹಿಡಿಯುತ್ತದೆ, ಹೊಸ ಒಡೆಯನಿಗೆ ತನ್ನ ಊರಿನ ಉಡುಗೆಯೇ ಬೇಕೆನಿಸುತ್ತದೆ. ಹೀಗಾಗಿ ಒರೆ ಮತ್ತು ಹಿಡಿ, ಆ ಕೆರಿಸ್ ಕೊನೆಯದಾಗಿ ಯಾವ ಸೀಮೆಯಲ್ಲಿ ಬಾಳಿತು ಎಂಬುದನ್ನು ಹೇಳುತ್ತವೆ. ಅಲಗು ಅದು ಯಾವ ಕುಲುಮೆಯಲ್ಲಿ ಹುಟ್ಟಿತು ಎಂಬುದನ್ನು ಹೇಳುತ್ತದೆ. ಎರಡೂ ಬೇರೆ ಬೇರೆ ಸಾಕ್ಷಿಗಳು. ಒಂದರ ಮಾತನ್ನು ಇನ್ನೊಂದರ ಬಾಯಲ್ಲಿ ಹಾಕಬಾರದು.

ಇನ್ನೊಂದು ಅನುಕೂಲವೂ ಇದೆ. ಒರೆ-ಹಿಡಿಗಳ ಪ್ರಾದೇಶಿಕ ಶೈಲಿಗಳು ಕಣ್ಣಿಗೆ ಥಟ್ಟನೆ ಹೊಳೆಯುವಷ್ಟು ಬೇರೆ ಬೇರೆ. ಅಲಗಿನ ಭೇದಗಳು ಸೂಕ್ಷ್ಮ. ನೂರಾರು ನೋಡಿದ ಕಣ್ಣಿಗೆ ಮಾತ್ರ ನಿಚ್ಚಳವಾಗುವಂಥವು.

ಸೀಮೆವಾರು ಗುರುತುಗಳು

ಜಾವಾ: ಇಲ್ಲಿ ಕೆರಿಸನ್ನು ಬೆನ್ನ ಹಿಂದೆ, ಸೊಂಟಪಟ್ಟಿಯ ಮಡಿಕೆಗಳಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಒರೆಯ ತಲೆಯಲ್ಲಿ ಎರಡು ಮುಖ್ಯ ರೂಪಗಳು. ದೋಣಿಯಂತೆ ಉದ್ದಕ್ಕೆ ಬಾಗಿ ತುದಿ ಚಾಚಿಕೊಂಡದ್ದು ವಿಧ್ಯುಕ್ತ ಸಂದರ್ಭಗಳಿಗೆ. ಸುರಕಾರ್ತಾದಲ್ಲಿ ಇದು 'ಲದ್ರಾಂಗ್', ಯೋಗ್ಯಕಾರ್ತಾದಲ್ಲಿ 'ಬ್ರಾಂಗ್ಗಾ'. ದುಂಡಾಗಿ, ಅಂಚುಗಳು ಮೊಟಕಾಗಿರುವ 'ಗಾಯಮಾನ್' ದಿನಬಳಕೆಗೆ. ಕಾಂಡದ ಮೇಲೆ ಹಿತ್ತಾಳೆ, ತಾಮ್ರ ಅಥವಾ ಬೆಳ್ಳಿಯ ಕೊಳವೆ ತೊಡಿಸಿರುವುದು ಸಾಮಾನ್ಯ. ಅದಕ್ಕೆ 'ಪೆಂಡೊಕ್' ಎನ್ನುತ್ತಾರೆ. ಹಿಡಿ ನಯವಾದ ಮರದ್ದು, ತುಸು ಮುಂದಕ್ಕೆ ಬಾಗಿದ್ದು, ಒಳಮಗ್ಗುಲಿನಲ್ಲಿ ಎರಡು ಪುಟ್ಟ ಕೆತ್ತನೆಯ ಅಂಕಣಗಳು. ಮೊದಲ ನೋಟಕ್ಕೆ ಬರೀ ಹೂಬಳ್ಳಿಯಂತೆ ಕಾಣುವ ಆ ಅಂಕಣಗಳು ಮಧ್ಯ ಜಾವಾದ ಹಿಡಿಯ ನಂಬಲರ್ಹ ಗುರುತು. ಸುರಕಾರ್ತಾದ ಉಡುಗೆ ತುಸು ಧಾರಾಳ, ಯೋಗ್ಯಕಾರ್ತಾದ್ದು ಮಿತ ಮತ್ತು ಸಣ್ಣ ಪ್ರಮಾಣದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಮದುರಾ: ಜಾವಾದ ಪಕ್ಕದ ದ್ವೀಪ. ಒರೆಯ ರೂಪ ಜಾವಾಕ್ಕೆ ಹತ್ತಿರ, ಹಿಡಿಯಲ್ಲಿ ಮಾತ್ರ ಬೇರೆಯೇ ಲೋಕ. ಜಾವಾದ ಹಿಡಿಯ ನಯವಾದ ಮೈಯ ಬದಲು ಇಲ್ಲಿ ಇಡೀ ಹಿಡಿಯ ಮೇಲೆ ಒತ್ತೊತ್ತಾಗಿ ಎಲೆ, ಹೂ, ಬಳ್ಳಿಗಳ ಕೆತ್ತನೆ. ಕೆಲವು ಕಡೆ ಕಿರೀಟ, ರೆಕ್ಕೆಯ ಕುದುರೆಯಂಥ ಚಿತ್ರಗಳೂ ಸೇರಿರುತ್ತವೆ.

ಬಾಲಿ ಮತ್ತು ಲೊಂಬೊಕ್: ಎಲ್ಲವೂ ದೊಡ್ಡದು. ಜಾವಾದ ಅಲಗು ಸಾಮಾನ್ಯವಾಗಿ 35 ಸೆಂಟಿಮೀಟರ್ ಆಸುಪಾಸು ಇದ್ದರೆ, ಬಾಲಿಯದು 40 ಸೆಂಟಿಮೀಟರ್ ದಾಟುವುದು ಸಾಮಾನ್ಯ. ದಪ್ಪವೂ ಹೆಚ್ಚು, ಭಾರವೂ ಹೆಚ್ಚು. ಅಲಗಿನ ಮೈಯನ್ನು ಉಜ್ಜಿ ನಯ ಮಾಡಿರುತ್ತಾರೆ. ಜಾವಾದ ಅಲಗಿನ ಮೇಲೆ ಬೆರಳಾಡಿಸಿದರೆ ಪಾಮೊರ್‌ನ ಗೆರೆಗಳು ತರಿತರಿಯಾಗಿ ತಾಗುತ್ತವೆ. ಬಾಲಿಯ ಅಲಗು ಕನ್ನಡಿಯ ಮೈಯಂತೆ ಜಾರುತ್ತದೆ. ಹಿಡಿಯಲ್ಲಿ ದೇವತೆ, ರಾಕ್ಷಸ, ಋಷಿಗಳ ಪೂರ್ಣ ಮೂರ್ತಿಗಳು ಇರಬಹುದು. ಚಿನ್ನದ ತಗಡು ಹೊದಿಸಿ ಕೆಂಪು ಕಲ್ಲು ಕೂರಿಸಿದವು ಅರಮನೆಗಳಿಗೆ ಸೇರಿದವು. ಅಲಂಕಾರವಿಲ್ಲದ, ನುಣುಪಾದ ಉಬ್ಬಿನ 'ಬೆಬೊಂಡೊಲಾನ್' ಹಿಡಿಗಳೂ ಇವೆ. ಬಾಲಿಯ ಪಂಚಾಂಗದಲ್ಲಿ 210 ದಿನಗಳಿಗೊಮ್ಮೆ ಬರುವ 'ತುಂಪೆಕ್ ಲಾಂಡೆಪ್' ದಿನ ಕೆರಿಸ್‌ಗಳಿಗೆ ಪೂಜೆ ನಡೆಯುತ್ತದೆ. ಇವತ್ತು ಅಲ್ಲಿ ಕಾರು, ಬೈಕುಗಳಿಗೂ ಅದೇ ದಿನ ಪೂಜೆ. ನಮ್ಮ ಆಯುಧಪೂಜೆಯನ್ನು ನೋಡಿದವರಿಗೆ ಆ ದೃಶ್ಯ ಹೊಸದೆನಿಸುವುದಿಲ್ಲ.

ಸುಲವೇಸಿಯ ಬುಗಿಸ್ ಸೀಮೆ: ಹಿಡಿ ಹೆಚ್ಚುಕಡಿಮೆ ಲಂಬಕೋನಕ್ಕೆ ಬಾಗಿರುತ್ತದೆ, ಪಕ್ಷಿಯೊಂದು ತಲೆ ತಗ್ಗಿಸಿದಂತೆ ಕಾಣುತ್ತದೆ. ಒರೆಯ ತಲೆ ಎರಡು ಕಡೆಗೂ ದುಂಡಾಗಿ ಬಾಗಿದ ದೋಣಿಯಾಕಾರ. ಕಾಂಡದ ಕೆಳತುದಿಯಲ್ಲಿ ಅಗಲವಾದ ಬುಂತುತ್ ಇರುತ್ತದೆ. ಅಲಗು ಹಲವು ಸಲ ನೇರ, ಅಗಲ, ಕತ್ತಿಯಂತೆ ಗಟ್ಟಿಮುಟ್ಟು. ಈ ನೇರ ಅಲಗಿಗೆ 'ಸಾಪುಕಾಲಾ' ಎಂಬ ಹೆಸರಿದೆ. ಸುಲವೇಸಿಯ ಲುವು ಪ್ರದೇಶದ ಕಬ್ಬಿಣದಲ್ಲಿ ನಿಕ್ಕಲ್ ಅಂಶ ಇತ್ತು. ಆ ಕಬ್ಬಿಣ ದೂರದೂರದ ಕುಲುಮೆಗಳಿಗೂ ಹೋಗುತ್ತಿತ್ತು.

ಬುಗಿಸ್ ಶೈಲಿಯ ವಿಷಯದಲ್ಲಿ ಇತಿಹಾಸ ಗೊತ್ತಿಲ್ಲದಿದ್ದರೆ ದಾರಿ ತಪ್ಪುವುದು ಖಂಡಿತ. 1669ರಲ್ಲಿ ಡಚ್ಚರು ಮತ್ತು ಅವರ ಜೊತೆ ಸೇರಿದ ಬುಗಿಸ್ ಪಡೆಗಳ ಕೈಯಲ್ಲಿ ಸುಲವೇಸಿಯದೇ ಆದ ಮಕಸ್ಸರದ ಗೋವಾ ರಾಜ್ಯ ಸೋತಿತು. ಆ ಗಲಭೆಯ ಕಾಲದಿಂದ ಬುಗಿಸ್ ಮತ್ತು ಮಕಸ್ಸರದ ನಾವಿಕರು, ಯೋಧರು ಗುಂಪುಗುಂಪಾಗಿ ಪಶ್ಚಿಮಕ್ಕೆ ಹೊರಟರು. 18ನೇ ಶತಮಾನದಲ್ಲಿ ರಿಯಾವು ಮತ್ತು ಜೊಹೊರ್ ದರ್ಬಾರುಗಳಲ್ಲಿ ಅವರದೇ ಪ್ರಭಾವ. ಸೆಲಾಂಗೊರ್‌ನ ಸುಲ್ತಾನರ ವಂಶವೂ ಬುಗಿಸ್ ಮೂಲದ್ದು. ಹೀಗಾಗಿ 'ಬುಗಿಸ್ ಶೈಲಿ'ಯ ಕೆರಿಸ್ ಸುಲವೇಸಿಯಲ್ಲೇ ಆಗಬೇಕೆಂದಿಲ್ಲ. ಮಲಯ ಪರ್ಯಾಯದ್ವೀಪದಲ್ಲೋ ರಿಯಾವು ದ್ವೀಪಗಳಲ್ಲೋ ತಯಾರಾಗಿರಬಹುದು. ಅಲ್ಲಿಯ ಹಿಡಿಗಳಲ್ಲಿ ಬಳ್ಳಿ-ಎಲೆಗಳ ಸಣ್ಣ ಕೆತ್ತನೆ ಹೆಚ್ಚು, ಒರೆಯ ಕಾಂಡ ಸಪೂರ, ಬುಂತುತ್ ಸಣ್ಣದು.

ಸುಮಾತ್ರಾ: ಮಿನಾಂಗ್ಕಬಾವು ಜನರ 'ಕೆರಿಸ್ ಪಾಂಜಾಂಗ್' ಉದ್ದನೆಯ, ತೀರಾ ಕಿರಿದಾದ ನೇರ ಅಲಗಿನದು, ಒಮ್ಮೆ ನೋಡಿದವರು ಮರೆಯುವುದಿಲ್ಲ. ಸುಮಾತ್ರಾದಲ್ಲೂ ಪರ್ಯಾಯದ್ವೀಪದಲ್ಲೂ ಬಹಳ ಬಳಕೆಯಲ್ಲಿರುವ ಹಿಡಿ 'ಜಾವಾ ದೆಮಾಮ್'. ಎದೆಗೆ ಕೈಕಟ್ಟಿ, ಚಳಿಜ್ವರ ಬಂದವನಂತೆ ಮುದುಡಿ ಕೂತ ಮನುಷ್ಯನ ಆಕಾರ. ಇಸ್ಲಾಂ ಬಂದ ಮೇಲೆ ಮುಖ-ಕೈಗಳು ಬಳ್ಳಿಯ ಕೆತ್ತನೆಯಲ್ಲಿ ಕರಗಿಹೋಗಿ ಬರೀ ಬಾಗಿದ ಆಕೃತಿ ಉಳಿದಿದೆ. ಮಿನಾಂಗ್ಕಬಾವು ವಲಸಿಗರು ನೆಲೆಸಿದ ನೆಗೆರಿ ಸೆಂಬಿಲಾನ್‌ನಲ್ಲಿ ಸುಮಾತ್ರಾದ ರೂಪಗಳೇ ಕಂಡರೆ ಅಚ್ಚರಿಪಡಬೇಕಿಲ್ಲ.

ಪಟಾನಿ ಮತ್ತು ಕೆಲಾಂತನ್: ಪರ್ಯಾಯದ್ವೀಪದ ಈಶಾನ್ಯ ಕರಾವಳಿಯ 'ಕೆರಿಸ್ ತಾಜೊಂಗ್' ಎಲ್ಲಕ್ಕಿಂತ ಸುಲಭವಾಗಿ ಗುರುತು ಸಿಗುವಂಥದು. ಹಿಡಿಯಲ್ಲಿ ಉದ್ದ ಮೂಗು, ಕೋರೆಹಲ್ಲು, ದಿಟ್ಟಿಸುವ ಕಣ್ಣುಗಳ ಮುಖ. ಮೂಗು ಮಿಂಚುಳ್ಳಿಯ ಕೊಕ್ಕಿನಂತೆ ಚಾಚಿರುವುದರಿಂದ ಇದಕ್ಕೆ 'ಪೆಕಾಕಾ' ಹಿಡಿ ಎಂಬ ಹೆಸರೂ ಉಂಟು. ಹಿಡಿ ದೊಡ್ಡದು, ಅದಕ್ಕೆ ತಕ್ಕಂತೆ ಒರೆಯ ತಲೆಯೂ ಬಹಳ ಅಗಲ, ಬಟ್ಟಲಿನಂಥ ಪೆಂಡೊಂಗ್ಕೊಕ್ ಕೂಡ ದೊಡ್ಡದು. ಇನ್ನೂ ಉತ್ತರಕ್ಕೆ, ಸೊಂಗ್ಖ್ಲಾ ಕಡೆಗೆ ಹೋದರೆ 'ಕೆರಿಸ್ ಚೊತೆಂಗ್' ಸಿಗುತ್ತದೆ. ಅದೇ ಬಳಗದ ಮುಖ, ಆದರೆ ಮೂಗು ಮೊಟಕು. ಪಟಾನಿ ಸೀಮೆಯ ಉದ್ದ ಅಲಗುಗಳಲ್ಲಿ 'ಪಂದಾಯ್ ಸಾರಾಸ್' ಎಂಬ ರೂಪ ಹೆಸರುವಾಸಿ. ಈ ಕರಾವಳಿಯ ಹಿಡಿ-ಒರೆಗಳಲ್ಲಿ ಹಳದಿ ಛಾಯೆಯ, ಮಿನುಗುವ ಕೆಮುನಿಂಗ್ ಮರಕ್ಕೆ ವಿಶೇಷ ಮರ್ಯಾದೆ.

ಸುಲು ಮತ್ತು ಮಿಂಡನಾವೊ: ಇಲ್ಲಿ ಕಠಾರಿ ಬೆಳೆದು ಕತ್ತಿಯಾಗಿದೆ. ತಿವಿಯುವುದರ ಜೊತೆಗೆ ಬೀಸಿ ಕಡಿಯುವುದಕ್ಕೂ ಆಗುವಷ್ಟು ಉದ್ದ, ಅಗಲ. ಅಲಗಿನ ಬುಡವನ್ನು ಹಿಡಿಗೆ ಬಿಗಿಯುವ ಲೋಹದ ಪಟ್ಟಿ, 'ಅಸಾಂಗ್-ಅಸಾಂಗ್', ಇದ್ದರೆ ಅದು ಸುಲು-ಮಿಂಡನಾವೊ ಕಡೆಯದು ಎಂಬುದಕ್ಕೆ ಬಲವಾದ ಸಾಕ್ಷಿ. ಹಿಡಿಯ ತುದಿ ಕಾಕಟೂ ಗಿಳಿಯ ತಲೆಯಂತೆಯೋ ಕುದುರೆಯ ಗೊರಸಿನಂತೆಯೋ ಇರುತ್ತದೆ. ಹಳೆಯವುಗಳಲ್ಲಿ ಗಂಜಾ ಪ್ರತ್ಯೇಕ ತುಂಡು. ಇತ್ತೀಚಿನವುಗಳಲ್ಲಿ ಆ ಜಾಗದಲ್ಲಿ ಗೀಚಿದ ಗೆರೆಯಷ್ಟೇ ಉಳಿದಿರುತ್ತದೆ.

ಅಲಗನ್ನು ಓದುವುದು

ಒರೆ-ಹಿಡಿಗಳ ಸಾಕ್ಷಿ ಬರೆದಿಟ್ಟುಕೊಂಡ ಮೇಲೆ ಅಲಗಿಗೆ ಬನ್ನಿ. ಮೊದಲು ಲುಕ್‌ಗಳನ್ನು ಎಣಿಸಿ. ಬುಡದಲ್ಲಿ, ಸೊಂಡಿಲಿನ ಕೊಂಡಿ ಇರುವ ಬದಿಯ ಮೊದಲ ಬಾಗಿನಿಂದ ಹಿಡಿದು, ಎಡ-ಬಲ ಬದಲಿಸುತ್ತ ತುದಿಯವರೆಗೆ ಎಣಿಸಬೇಕು. ಸಂಪ್ರದಾಯಬದ್ಧ ಕೆರಿಸ್‌ನಲ್ಲಿ ಸಂಖ್ಯೆ ಬೆಸವೇ. ಸಮಸಂಖ್ಯೆ ಬಂದರೆ ಒಂದೋ ಎಣಿಕೆ ತಪ್ಪಿದೆ, ಇಲ್ಲವೇ ಕಮ್ಮಾರನಿಗೆ ಸಂಪ್ರದಾಯ ಗೊತ್ತಿರಲಿಲ್ಲ. ಅಂದಹಾಗೆ ಕೆರಿಸ್ ಎಂದರೆ ಬಳುಕುವ ಅಲಗೇ ಎಂಬ ನಂಬಿಕೆ ಸರಿಯಲ್ಲ. ನೇರ ಅಲಗಿನ ಕೆರಿಸ್‌ಗಳು ಎಲ್ಲ ಸೀಮೆಗಳಲ್ಲೂ ಇವೆ. ಕೆರಿಸ್ ಎನಿಸಿಕೊಳ್ಳಲು ಮುಖ್ಯವಾಗಿ ಬೇಕಾದದ್ದು ಬುಡದ ಆ ಒಂದು ಕಡೆಯ ಚಾಚು.

ಆಮೇಲೆ ಪಾಮೊರ್. ಕಬ್ಬಿಣದ ಪದರಗಳ ನಡುವೆ ನಿಕ್ಕಲ್ ಅಂಶವುಳ್ಳ ಕಬ್ಬಿಣ ಇಟ್ಟು, ಕಾಸಿ, ಬಡಿದು, ಮಡಿಸಿ, ಮತ್ತೆ ಬಡಿಯುವುದರಿಂದ ಈ ಚಿತ್ತಾರ ಹುಟ್ಟುತ್ತದೆ. ನಂತರ ಆರ್ಸೆನಿಕ್ ಮತ್ತು ನಿಂಬೆರಸದಿಂದ ತೊಳೆದಾಗ ಬರೀ ಕಬ್ಬಿಣ ಕಪ್ಪಾಗುತ್ತದೆ, ನಿಕ್ಕಲ್ ಇರುವಲ್ಲಿ ಬೆಳ್ಳಗೆ ಉಳಿಯುತ್ತದೆ. ಮೈಸೂರು ಸೀಮೆಯೂ ಸೇರಿ ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ತಯಾರಿಸುತ್ತಿದ್ದ ಪ್ರಸಿದ್ಧ ಉಕ್ಕಿನಿಂದ ಮಾಡಿದ ಕತ್ತಿಗಳ ಮೇಲೂ ನೀರಲೆಯಂಥ ಗೆರೆಗಳು ಕಾಣುತ್ತವೆ. ಆದರೆ ಅವು ಉಕ್ಕು ತಣಿಯುವಾಗ ಒಳಗೇ ಕಟ್ಟಿಕೊಳ್ಳುವ ಹರಳುಗಳ ಫಲ; ಪಾಮೊರ್ ಕಮ್ಮಾರ ಪದರ ಪದರವಾಗಿ ಜೋಡಿಸಿದ್ದು. ಭೂತಗನ್ನಡಿ ಹಿಡಿದು ಅಲಗಿನ ಅಂಚನ್ನು ನೋಡಿದರೆ ಪದರಗಳ ಕೊನೆಗಳು ಕಾಣಿಸುತ್ತವೆ. ಚೆಲ್ಲಿದ ಅಕ್ಕಿಕಾಳಿನಂಥ 'ವೊಸ್ ವುತಾಹ್', ತೆಂಗಿನ ಗರಿಯಂಥ 'ಬ್ಲಾರಾಕ್ ನ್ಗಿರಿದ್' ಮುಂತಾದ ಹೆಸರುಗಳಿವೆ. ಯೋಗ್ಯಕಾರ್ತಾದ ಬಳಿಯ ಪ್ರಂಬಾನನ್‌ನಲ್ಲಿ ಬಿದ್ದಿದ್ದ ಉಲ್ಕಾಶಿಲೆಯ ಕಬ್ಬಿಣವನ್ನು 18ನೇ ಶತಮಾನದಿಂದ ಅರಮನೆಯ ಕಮ್ಮಾರರು ಬಳಸಿದರು. ಆ ಶಿಲೆಯ ಉಳಿದ ಭಾಗ ಸುರಕಾರ್ತಾ ಅರಮನೆಯಲ್ಲಿದೆ. ಹಾಗೆಂದು ಅಂಗಡಿಯವರು ಪ್ರತಿ ಕೆರಿಸನ್ನೂ 'ಉಲ್ಕೆಯದು' ಎಂದರೆ ನಂಬಬೇಕಿಲ್ಲ. ತೀರಾ ಬೆಳ್ಳಗೆ ಬೆಳ್ಳಿಯಂತೆ ಹೊಳೆಯುವ ಪಾಮೊರ್ ಹಲವು ಸಲ 20ನೇ ಶತಮಾನದ ಶುದ್ಧ ನಿಕ್ಕಲ್ ತಗಡಿನ ಗುರುತು.

ಮೂರನೆಯದು ಪೆಸಿ. ಹಿಡಿ ಸಡಿಲವಾಗಿದ್ದರೆ ಮಾತ್ರ ನೋಡಿ, ಬಲವಂತ ಬೇಡ. ಜಾವಾದಲ್ಲಿ ಪೆಸಿ ಉದ್ದ, ದುಂಡು. ಅದಕ್ಕೆ ಬಟ್ಟೆ ಸುತ್ತಿ ಹಿಡಿಯನ್ನು ಒತ್ತಿ ಕೂರಿಸುತ್ತಾರೆ, ಬೇಕಾದಾಗ ತೆಗೆಯಬಹುದು. ಬುಗಿಸ್ ಮತ್ತು ಮಲಯ ಸೀಮೆಗಳಲ್ಲಿ ಪೆಸಿ ಗಿಡ್ಡ. ಹಿಡಿಯನ್ನು ರಾಳದಿಂದ ಅಂಟಿಸಿರುತ್ತಾರೆ.

ಅಲಗಿನ ಕಾಲ-ದೇಶಗಳನ್ನು ಅಂದಾಜು ಮಾಡುವ ವಿದ್ಯೆಗೆ ಜಾವಾದಲ್ಲಿ 'ತಂಗುಹ್' ಎಂದು ಹೆಸರು. ಮಜಪಹಿತ್, ಪಜಜಾರನ್, ಬ್ಲಾಂಬಾಂಗನ್, ತುಬಾನ್, ಮತಾರಾಮ್ ಎಂದು ರಾಜ್ಯಗಳ, ಊರುಗಳ ಹೆಸರಿನಲ್ಲಿ ಅಲಗುಗಳನ್ನು ವಿಂಗಡಿಸುತ್ತಾರೆ. ಕಬ್ಬಿಣದ ಬಣ್ಣ, ತೂಕ, ಗಂಜಾದ ಬಾಗು, ಲುಕ್‌ಗಳ ಆಳ, ಪಾಮೊರ್ ಎಲ್ಲವನ್ನೂ ಒಟ್ಟಿಗೆ ತೂಗಿ ಹೇಳುವ ಮಾತು ಅದು. ಬಲ್ಲವರು ಅದನ್ನು ಅಂದಾಜು ಎಂದೇ ಕರೆಯುತ್ತಾರೆ; ನಾವೂ ಹಾಗೆಯೇ ತೆಗೆದುಕೊಳ್ಳಬೇಕು. ಕಾಲ ಕೆತ್ತಿದ ಕೆರಿಸ್‌ಗಳು ಬಹಳ ಅಪರೂಪ. ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಂ ಪ್ರದರ್ಶಿಸಿದ 'ಕ್ನಾಡ್ ಕೆರಿಸ್' ಅಂಥದೊಂದು. ಅದರ ಮೇಲೆ ಶಕ ವರ್ಷ 1264, ಅಂದರೆ ಕ್ರಿ.ಶ. 1342, ಎಂದಿದೆ.

ಅಲಗು ಹುಟ್ಟುತ್ತಿದ್ದ ಬಗೆಯನ್ನು ಕಣ್ಣಾರೆ ನೋಡಬೇಕೆಂದರೆ ಮಧ್ಯ ಜಾವಾದ ಲಾವು ಬೆಟ್ಟದ ಇಳಿಜಾರಿನಲ್ಲಿರುವ, 15ನೇ ಶತಮಾನದ ಸುಕುಹ್ ದೇವಾಲಯಕ್ಕೆ ಹೋಗಬೇಕು. ಅಲ್ಲಿನ ಉಬ್ಬುಚಿತ್ರವೊಂದರಲ್ಲಿ ಎಡಕ್ಕೆ ಭೀಮ ಕಮ್ಮಾರನಾಗಿ ಅಲಗು ಬಡಿಯುತ್ತಿದ್ದಾನೆ, ನಡುವೆ ಗಣೇಶ, ಬಲಕ್ಕೆ ಅರ್ಜುನ ಗಾಳಿ ಊದುತ್ತಿದ್ದಾನೆ. ಅರ್ಜುನನ ಕೈಯಲ್ಲಿರುವುದು ನಮ್ಮ ಕುಲುಮೆಯ ಚರ್ಮದ ತಿದಿಯಲ್ಲ. ನೆಟ್ಟಗೆ ನಿಂತ ಕೊಳವೆಗಳು, ಅವುಗಳೊಳಗೆ ಮೇಲೆ ಕೆಳಗೆ ಆಡಿಸುವ ಕೋಲುಗಳು. ಮಹಾಭಾರತ ಕಡಲು ದಾಟಿ ಹೋಗಿ, ಆ ನೆಲದ ಉಪಕರಣವನ್ನೇ ಕೈಗೆತ್ತಿಕೊಂಡಿದೆ.

ಒಂದು ಉದಾಹರಣೆ

ಇಷ್ಟನ್ನೂ ಒಟ್ಟಿಗೆ ಬಳಸಿ ನೋಡೋಣ. ಒಂದು ಕೆರಿಸ್ ಎದುರಿಗಿದೆ ಎಂದುಕೊಳ್ಳಿ. ಒರೆಯ ತಲೆ ದೋಣಿಯಾಕಾರ, ಕೆಮುನಿಂಗ್ ಮರ. ಕಾಂಡ ಸಪೂರ, ಬುಂತುತ್ ಸಣ್ಣದು. ಹಿಡಿ ತೀವ್ರವಾಗಿ ಬಾಗಿದೆ, ನೆತ್ತಿಯಲ್ಲಿ ಬಳ್ಳಿಯ ಕೆತ್ತನೆ. ಬಳೆ ಬಟ್ಟಲಿನಂತಿದೆ. ಇಲ್ಲಿಯವರೆಗಿನ ಸಾಕ್ಷಿಯೆಲ್ಲ ರಿಯಾವು-ಜೊಹೊರ್ ಕಡೆಯ ಬುಗಿಸ್ ಶೈಲಿಯತ್ತ ಬೆರಳು ಮಾಡುತ್ತದೆ.

ಈಗ ಅಲಗು ಹೊರಗೆ ಬಂತು. ಕಿರಿದು, ಒಂಬತ್ತು ಲುಕ್, ಬುಡದಲ್ಲಿ ಸೊಂಡಿಲಿನ ಕೊಂಡಿ, ಬೆರಳಿಗೆ ತರಿತರಿಯಾಗಿ ತಾಗುವ ಪಾಮೊರ್. ಇದು ಬುಗಿಸ್ ಅಲಗಿನ ಲಕ್ಷಣವಲ್ಲ, ಜಾವಾದ್ದು. ಹಿಡಿ ಮೊದಲೇ ಸಡಿಲವಾಗಿತ್ತು. ತೆಗೆದು ನೋಡಿದರೆ ಪೆಸಿಯ ತುದಿಯನ್ನು ಕತ್ತರಿಸಿ ಗಿಡ್ಡ ಮಾಡಿದ ಗುರುತು ಇದೆ. ಅಂದರೆ ಉದ್ದ ಪೆಸಿಯ ಜಾವಾ ಅಲಗಿಗೆ ಬುಗಿಸ್ ಹಿಡಿ ಹೊಂದಿಸಿದ್ದಾರೆ. ಕೊನೆಯದಾಗಿ ಗಂಜಾ ಒರೆಯ ಬಾಯಲ್ಲಿ ಹೇಗೆ ಕೂರುತ್ತದೆ ನೋಡಿ. ಸಂದಿಲ್ಲದೆ, ಅಲ್ಲಾಡದೆ ಕೂತರೆ ಈ ಅಲಗಿಗೆಂದೇ ಈ ಒರೆ ಮಾಡಿಸಿದ್ದಾರೆ. ಯಾರೋ ಮರ್ಯಾದೆಯಿಂದ ಇಟ್ಟುಕೊಂಡಿದ್ದ ಕೆರಿಸ್ ಅದು. ಒಂದು ಕಡೆ ಸಂದು, ಇನ್ನೊಂದು ಕಡೆ ಬಿಗಿ ಇದ್ದರೆ ಇತ್ತೀಚೆಗೆ ಯಾರೋ ಮಾರಾಟಕ್ಕಾಗಿ ಜೋಡಿಸಿರಬಹುದು.

ಮೊದಲನೆಯ ಸಂದರ್ಭದಲ್ಲಿ ಆ ಕೆರಿಸನ್ನು 'ಬೆರಕೆ' ಎಂದು ಕೀಳಾಗಿ ಕಾಣುವುದು ಅನ್ಯಾಯ. ಜಾವಾದ ಕುಲುಮೆಯಿಂದ ರಿಯಾವುವಿನ ಒಡೆಯನವರೆಗೆ ಅದು ನಡೆದ ದಾರಿ ಅದರ ಮೈಮೇಲೆಯೇ ಬರೆದಿದೆ. ಎಲ್ಲ ಭಾಗಗಳೂ ಒಂದೇ ಊರಿನವಾಗಿದ್ದರೆ ಈ ಕತೆ ನಮಗೆ ಸಿಗುತ್ತಿರಲಿಲ್ಲ.

ವಸ್ತುವಿನ ಜೊತೆ ಕಾಗದವೂ ಬೇಕು

ಕಣ್ಣಿನ ಸಾಕ್ಷಿ ಎಷ್ಟೇ ಬಲವಾಗಿದ್ದರೂ ಅದಕ್ಕೊಂದು ಮಿತಿಯಿದೆ. ಇದಕ್ಕೆ ದೊಡ್ಡ ನಿದರ್ಶನ ರಾಜಕುಮಾರ ದೀಪೊನೆಗೊರೊ ಅವರ ಕೆರಿಸ್. 1825ರಿಂದ 1830ರವರೆಗೆ ಡಚ್ಚರ ವಿರುದ್ಧ ಜಾವಾ ಯುದ್ಧ ನಡೆಸಿದ ಅವರನ್ನು ಮಾತುಕತೆಗೆ ಕರೆದು ಮಗೆಲಾಂಗ್‌ನಲ್ಲಿ ಸೆರೆಹಿಡಿಯಲಾಯಿತು. ಅವರ ಕೆರಿಸ್ 1831ರಲ್ಲಿ ಡಚ್ ದೊರೆಗೆ ಕಾಣಿಕೆಯಾಗಿ ಸೇರಿ, ಮುಂದೆ ಲೈಡನ್ನಿನ ಮ್ಯೂಸಿಯಂಗೆ ಹೋಯಿತು. ಅಲ್ಲಿನ ಕೆರಿಸ್‌ಗಳ ನಡುವೆ ಅವರದು ಯಾವುದು ಎಂಬುದು ಕಾಲಾಂತರದಲ್ಲಿ ಮರೆತೇಹೋಯಿತು. ಸಂಶೋಧಕರು ಅಲಗಿನ ನಾಗನ ಕೆತ್ತನೆ, ಅದರ ಮೇಲೆ ಉಳಿದ ಚಿನ್ನದ ಚೂರುಪಾರನ್ನು ಹಳೆಯ ದಾಖಲೆಗಳ ಜೊತೆ ಹೋಲಿಸಿದರು. ಆ ದಾಖಲೆಗಳಲ್ಲಿ ಜಾವಾದ ಖ್ಯಾತ ಚಿತ್ರಕಾರ ರಾದೆನ್ ಸಾಲೇಹ್ ಬರೆದ ಟಿಪ್ಪಣಿಯೂ ಇತ್ತು. ಅಂತೂ 2020ರ ಮಾರ್ಚ್‌ನಲ್ಲಿ ಆ ಕೆರಿಸ್ ಇಂಡೊನೇಷ್ಯಾಕ್ಕೆ ಮರಳಿತು. ಮನೆಯಲ್ಲಿ ಹಳೆಯ ಕೆರಿಸ್ ಇದ್ದರೆ ಅದರ ಜೊತೆಗಿರುವ ರಸೀದಿ, ಪತ್ರ, ಫೋಟೊ, ಹಿರಿಯರು ಹೇಳಿದ ಮಾತು ಯಾವುದನ್ನೂ ಬಿಸಾಡಬೇಡಿ.

ನಕಲಿಯನ್ನು ಹಿಡಿಯುವುದು

ಪ್ರವಾಸಿಗರಿಗಾಗಿ ಮಾಡಿದ ಕೆರಿಸ್‌ಗೆ ಕೆಲವು ಲಕ್ಷಣಗಳಿವೆ. ಅಲಗು ಒಂದೇ ದಪ್ಪದ ತಗಡಿನಿಂದ ಕತ್ತರಿಸಿದಂತೆ ಚಪ್ಪಟೆ. ನಡು ಉಬ್ಬಿ ಅಂಚಿಗೆ ಇಳಿಯುವ ಬಡಿತದ ಏರಿಳಿತ ಇರುವುದಿಲ್ಲ. ಗಂಜಾ ಬೇರೆ ತುಂಡಲ್ಲ, ಗೀಚಿದ ಗೆರೆ. ಚಿತ್ತಾರವನ್ನು ಆಸಿಡ್ಡಿನಿಂದ ಮೇಲೆ ಬರೆದಿರುತ್ತಾರೆ. ಅದು ಅಂಚಿನವರೆಗೆ ಹೋಗದೆ ನಡುವೆಯೇ ನಿಲ್ಲುತ್ತದೆ. ಒರೆಯ ಮೇಲೆಲ್ಲ ತುಂಬಿ ತುಳುಕುವ ಕೆತ್ತನೆ ಇದ್ದರೂ ಬಾಯಲ್ಲಿ ಗಂಜಾ ಕೂರುವುದಿಲ್ಲ. ಅಲಗು, ಹಿಡಿ ಎರಡೂ ಒಂದೇ ಕಬ್ಬಿಣದಲ್ಲಿ, ಹಿಡಿ ಪುಟ್ಟ ಮನುಷ್ಯಾಕೃತಿಯಾಗಿರುವ ಸಣ್ಣ 'ಕೆರಿಸ್ ಮಜಪಹಿತ್' ಎಂಬ ಹಳೆಯ ರೂಪವೊಂದಿದೆ. ಅದರ ಹೊಸ ನಕಲುಗಳು ಬಹಳ. ತುಕ್ಕನ್ನು ಬೇಕೆಂದೇ ಹಿಡಿಸಿರುತ್ತಾರೆ.

ಹೊಸದೆಂದರೆ ನಕಲಿ ಎಂದು ತಿಳಿಯುವುದೂ ತಪ್ಪು. ಮದುರಾದ ಸುಮೆನೆಪ್ ಬಳಿಯ ಏಂಗ್ ತೊಂಗ್-ತೊಂಗ್ ಹಳ್ಳಿಯಲ್ಲಿ ಇವತ್ತಿಗೂ ಊರಿಗೆ ಊರೇ ಕೆರಿಸ್ ಕೆಲಸದಲ್ಲಿ ತೊಡಗಿದೆ. ಜಾವಾದಲ್ಲೂ ಬಾಲಿಯಲ್ಲೂ ಕಮ್ಮಾರರಿದ್ದಾರೆ. ಅವರನ್ನು 'ಎಂಪು' ಎಂದು ಗೌರವದಿಂದ ಕರೆಯುತ್ತಾರೆ. ಬದುಕಿರುವ ಕಮ್ಮಾರನಿಂದ ಹೊಸ ಕೆರಿಸ್ ಎಂದೇ ಹೇಳಿಸಿಕೊಂಡು ಕೊಳ್ಳುವುದು, ಸುಳ್ಳು ಹಳೆಯದನ್ನು ಕೊಳ್ಳುವುದಕ್ಕಿಂತ ಸಾವಿರಪಾಲು ಮೇಲು. ಆ ಹಣ ವಿದ್ಯೆಯನ್ನು ಉಳಿಸುತ್ತದೆ.

ಕೈಗೆತ್ತಿಕೊಳ್ಳುವಾಗ

ಕೆರಿಸ್‌ನ ಅಲಗು ಎರಡೂ ಕಡೆ ಹರಿತ. ಒರೆಯ ಕಾಂಡವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಎಳೆಯಬೇಡಿ. ಹಳೆಯ ಮರ ಸೀಳಿದ್ದರೆ ಅಲಗು ಬೆರಳಿಗೆ ತಾಗುತ್ತದೆ. ಒರೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ಹೆಬ್ಬೆರಳಿನಿಂದ ತಲೆಯನ್ನು ಮೆಲ್ಲಗೆ ಒತ್ತಿ ಸಡಿಲಿಸಿ, ನಿಧಾನವಾಗಿ ಬೇರ್ಪಡಿಸಿ. ತೊಳೆಯಲು ಆರ್ಸೆನಿಕ್ ಬಳಸಿರುವುದರಿಂದ ಒದ್ದೆ ಕೈಯಲ್ಲಿ ಮುಟ್ಟಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳಿಗೆ ಸಿಗದಂತೆ ಇಡಿ. ತುಕ್ಕು ಕಂಡಿತೆಂದು ಮರಳುಕಾಗದ ಹಾಕಿ ಉಜ್ಜಿದರೆ ಪಾಮೊರ್ ಹಾಳಾಗುತ್ತದೆ. ಜೊತೆಗೆ ತವರು ಹೇಳುವ ಸಾಕ್ಷಿಯೂ ಹೋಗುತ್ತದೆ. ತೆಳ್ಳಗೆ ಎಣ್ಣೆ ಸವರಿ ಇಟ್ಟರೆ ಸಾಕು. ಜಾವಾ, ಬಾಲಿಯವರ ಮನೆಗಳಲ್ಲಿ ಕೆರಿಸ್ ಪೂಜ್ಯ ವಸ್ತು. ಮನೆಯವರ ಅಪ್ಪಣೆ ಇಲ್ಲದೆ ಒರೆಯಿಂದ ತೆಗೆಯುವುದು ಸಲ್ಲ.

ಭಾರತಕ್ಕೆ ತರುವವರು ಕಾನೂನನ್ನೂ ನೋಡಿಕೊಳ್ಳಬೇಕು. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಾದ ಅಲಗಿನ ಆಯುಧಗಳು ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ ಉಲ್ಲೇಖಗೊಂಡಿವೆ. ಹೆಚ್ಚಿನ ಕೆರಿಸ್‌ಗಳು ಆ ಅಳತೆ ಮೀರುತ್ತವೆ. ಆನೆದಂತದ ಹಿಡಿ ಇರುವುದನ್ನು ಕೊಳ್ಳುವ ಯೋಚನೆಯನ್ನೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ದಂತದ ವ್ಯಾಪಾರ ಅಪರಾಧ.

ಟಿಪ್ಪಣಿ ಹೀಗೆ ಬರೆಯಿರಿ

ಕೆರಿಸ್‌ನ ಎರಡೂ ಬದಿಯ ಪೂರ್ಣ ಫೋಟೊ ಅಳತೆಪಟ್ಟಿ ಇಟ್ಟು ತೆಗೆಯಿರಿ. ಗಂಜಾ, ಹಿಡಿಯ ಮುಂದು-ಹಿಂದು, ಒರೆಯ ಬಾಯಿ, ಬುಂತುತ್ ಇವುಗಳ ಹತ್ತಿರದ ಫೋಟೊ ಬೇಕೇ ಬೇಕು. ಅಲಗಿನ ಉದ್ದ, ಲುಕ್‌ಗಳ ಸಂಖ್ಯೆ, ಮೈ ತರಿಯೋ ನಯವೋ ಎಂಬುದನ್ನು ಬರೆದುಕೊಳ್ಳಿ. ಹೋಲಿಸಿ ನೋಡಲು ಸುರಕಾರ್ತಾದ ಕೆರಿಸ್ ನುಸಂತರಾ ಮ್ಯೂಸಿಯಂ, ಬಾಲಿಯ ಉಬುದ್‌ನ ನೆಕಾ ಮ್ಯೂಸಿಯಂ, ಜಕಾರ್ತಾ ಮತ್ತು ಕೌಲಾಲಂಪುರದ ರಾಷ್ಟ್ರೀಯ ಮ್ಯೂಸಿಯಂಗಳು ಒಳ್ಳೆಯ ಜಾಗಗಳು. ಒಂದೇ ಸೀಮೆಯ ಹತ್ತಾರು ಕೆರಿಸ್‌ಗಳನ್ನು ಸಾಲಾಗಿ ನೋಡಿದಾಗ ಕಣ್ಣು ಪಳಗುತ್ತದೆ.

ಕೊನೆಗೆ ತೀರ್ಮಾನವನ್ನು ಮೂರು ಸಾಲಿನಲ್ಲಿ ಬರೆಯಿರಿ: ಒರೆ ಇಂಥ ಶೈಲಿ, ಹಿಡಿ ಇಂಥ ಶೈಲಿ, ಅಲಗು ಇಂಥ ಸೀಮೆಯದಿರಬಹುದು. ಪ್ರತಿ ಸಾಲಿನ ಮುಂದೆ ಯಾವ ಗುರುತಿನಿಂದ ಹಾಗೆ ಹೇಳಿದಿರಿ ಎಂಬುದನ್ನೂ ಸೇರಿಸಿ. ನಾಳೆ ಹೆಚ್ಚು ಬಲ್ಲವರೊಬ್ಬರು ಒಂದು ಸಾಲನ್ನು ತಿದ್ದಿದರೂ ಉಳಿದೆರಡು ನಿಲ್ಲುತ್ತವೆ. ಮನೆಯ ಶೋಕೇಸಿನಲ್ಲಿರುವ ಕೆರಿಸ್‌ಗಾಗಲಿ, ದೊಡ್ಡ ಮ್ಯೂಸಿಯಂನ ಕೆರಿಸ್‌ಗಾಗಲಿ, 'ಮಲಯ ಕಠಾರಿ' ಎಂಬ ಒಂದೇ ಮಾತಿಗಿಂತ ಕಾರಣಸಹಿತವಾದ ಈ ಮೂರು ಸಾಲು ಹೆಚ್ಚು ನ್ಯಾಯ ಸಲ್ಲಿಸುತ್ತದೆ. ಅಲಗು ಬಡಿದವನು, ಹಿಡಿ ಕೆತ್ತಿದವನು, ಒರೆ ಮಾಡಿದವನು ಬೇರೆ ಬೇರೆ ಕುಶಲಕರ್ಮಿಗಳು. ಆ ಮೂವರ ಊರನ್ನೂ ನೆನೆಯುವ ಕ್ರಮ ಇದು.